ಬಿಲ್ ಮೊದಲು, ನೀರು ಆಮೇಲೆ: ಮಲಪ್ರಭೆ ದಂಡೆಯ ಎರಡು ಶತಮಾನದ ಲೆಕ್ಕ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಮ್ಮ ಕಡೆ ಜನ ಸರ್ಕಾರದ ಮೇಲೆ ಸಿಟ್ಟಿಗೆದ್ದಾಗಲೆಲ್ಲ ಬೆಂಕಿ ಬೀಳೋದು ಕಚೇರಿಗೇ ಯಾಕೆ? ಅದರೊಳಗಿನ ಕಾಗದಕ್ಕೇ ಯಾಕೆ?

ನಾನು ಓದಿದ್ದು ಬಿಕಾಂ. ಹಾಗಾಗಿ ಇತಿಹಾಸ ಓದುವಾಗಲೂ ಕಣ್ಣು ಮೊದಲು ಲೆಕ್ಕದ ಪುಸ್ತಕದ ಕಡೆಗೇ ಹೋಗುತ್ತೆ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು-ಬೈಲಹೊಂಗಲ ಸೀಮೆ ದಾಟಿ, ಸವದತ್ತಿ ಹತ್ತಿರ ಅಣೆಕಟ್ಟೆಗೆ ಸಿಕ್ಕು, ರಾಮದುರ್ಗದ ಪಕ್ಕ ಹರಿದು ಕೂಡಲಸಂಗಮಕ್ಕೆ ಹೋಗ್ತಾಳೆ. ಈ ಹೊಳೆಯ ಎರಡು ದಂಡೆಗಳಲ್ಲಿ ನಡೆದ ದೊಡ್ಡ ಜಗಳಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಲೆಕ್ಕದ ಜಗಳಗಳೇ.

ಮೊದಲು ಕಿತ್ತೂರು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡರು. ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಆತ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಸಂಸ್ಥಾನದ ಖಜಾನೆಗೆ ಮುದ್ರೆ ಒತ್ತಿದ್ದು. ಅಕ್ಟೋಬರ್ 23ರಂದು ಕೋಟೆ ಮುಂದೆ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಇಷ್ಟು ನಮಗೆಲ್ಲ ಗೊತ್ತು.

ನನಗೆ ಕುತೂಹಲ ಇರೋದು ಯುದ್ಧ ಮುಗಿದ ಮೇಲಿನ ಐದು ವರ್ಷದ ಬಗ್ಗೆ. ಗೆದ್ದವರು ಗೆದ್ದ ನೆಲವನ್ನ ಹೇಗೆ ನಡೆಸಿದರು? ಕಿತ್ತೂರು ಸೀಮೆಯಲ್ಲಿ ಊರ ಕಾವಲು, ಕೋಟೆ ಚಾಕರಿ ಮಾಡೋರಿಗೆ ಸಂಬಳದ ಬದಲು ಹೊಲ ಬಿಟ್ಟುಕೊಡೋ ಪದ್ಧತಿ ಇತ್ತು. ಹೊಸ ಆಡಳಿತಕ್ಕೆ ಕಂಡದ್ದು ಚಾಕರಿ ಅಲ್ಲ, ವಸೂಲಿಯಾಗದ ಕಂದಾಯ. ಒಂದಷ್ಟು ಹೊಲ ಜಪ್ತಿ, ಉಳಿದದ್ದಕ್ಕೆ ಹೆಚ್ಚಿನ ತೆರಿಗೆ. ಹೀಗೆ ಹೊಲ ಕಳೆದುಕೊಂಡವರಲ್ಲಿ ಒಬ್ಬ ಸಂಗೊಳ್ಳಿಯ ರಾಯಣ್ಣ.

ರಾಯಣ್ಣನ ದಂಡು ಎಲ್ಲಿಗೆ ಹೋಯಿತು ನೋಡಿ. 1830ರ ಜನವರಿಯಲ್ಲಿ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ. ಕಂದಾಯದ ದಫ್ತರ ಬೂದಿಯಾಯಿತು. ರಾಯಣ್ಣನನ್ನು ದೇಶಭಕ್ತ ಅಂತ ನೆನೆಯೋದು ಸರಿಯೇ. ಆದರೆ ಆ ಬೆಂಕಿಯಲ್ಲಿ ಒಂದು ಅರ್ಥಶಾಸ್ತ್ರವೂ ಇತ್ತು. ಯಾರ ಹೊಲ ಯಾರದ್ದು, ಯಾರು ಎಷ್ಟು ಕೊಡಬೇಕು ಅನ್ನೋದು ಆ ಕಾಗದದಲ್ಲಿ ಮಾತ್ರ ಇತ್ತು. ಆ ಕಾಗದವನ್ನ ಪ್ರಶ್ನೆ ಮಾಡೋಕೆ ರೈತನಿಗೆ ಜಾಗ ಇರಲಿಲ್ಲ. ಸುಡೋಕೆ ಮಾತ್ರ ದಾರಿ ಇತ್ತು. 1831ರ ಜನವರಿ 26ಕ್ಕೆ ನಂದಗಡದಲ್ಲಿ ಅವನನ್ನ ಗಲ್ಲಿಗೇರಿಸಿದರು. ದಫ್ತರ ಮತ್ತೆ ಬರೆಯಲ್ಪಟ್ಟಿತು.

ಹೊಳೆಯ ಕೆಳಗಡೆ ರಾಮದುರ್ಗಕ್ಕೆ ಬನ್ನಿ. ಇದು ಸಣ್ಣ ಸಂಸ್ಥಾನ. ಇಲ್ಲಿ ಆಳುವವರು ಬ್ರಿಟಿಷರಲ್ಲ, ನಮ್ಮವರೇ. 1930ರ ದಶಕದ ಕೊನೆಗೆ ಪ್ರಜಾ ಸಂಘ ಕಟ್ಟಿಕೊಂಡ ರೈತರು ಕೇಳಿದ್ದು ಕಂದಾಯ ಇಳಿಸಿ ಅಂತ. 1939ರ ಏಪ್ರಿಲಿನಲ್ಲಿ ನಾಯಕರನ್ನು ಜೈಲಿಗೆ ಹಾಕಿದಾಗ ಜನ ಜೈಲಿಗೇ ನುಗ್ಗಿದರು. ಗುಂಡು ಹಾರಿತು, ಜನ ಸತ್ತರು, ಪೊಲೀಸರೂ ಸತ್ತರು. ಗಾಂಧೀಜಿ ಆ ಹಿಂಸೆಯನ್ನು ಖಂಡಿಸಿ ಬರೆದರು. ದೊರೆ ಯಾರೇ ಆಗಿರಲಿ, ಲೆಕ್ಕ ಕೇಳೋಕೆ ಜಾಗ ಇಲ್ಲದಿದ್ದರೆ ಜಗಳ ಬೀದಿಗೆ ಬರುತ್ತೆ ಅನ್ನೋದಕ್ಕೆ ರಾಮದುರ್ಗ ಸಾಕ್ಷಿ.

ಇಲ್ಲಿವರೆಗೆ ಹೇಳಿದ್ದು ಕಿತ್ತುಕೊಳ್ಳುವ ಸರ್ಕಾರದ ಕಥೆ. ಈಗ ಕೊಡೋಕೆ ಬಂದ ಸರ್ಕಾರದ ಕಥೆ.

ಸ್ವಾತಂತ್ರ್ಯದ ನಂತರ ಸವದತ್ತಿ ತಾಲ್ಲೂಕಿನ ಮುನವಳ್ಳಿ ಹತ್ತಿರ, ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟೆ ಕಟ್ಟಿದರು. ಜಲಾಶಯಕ್ಕೆ ಗುಡ್ಡದ ಮೇಲಿನ ಯಲ್ಲಮ್ಮನ ಇನ್ನೊಂದು ಹೆಸರು: ರೇಣುಕಾಸಾಗರ. 37.73 ಟಿಎಂಸಿ ನೀರಿನ ಜಾಗ. ಮಳೆ ನಂಬಿ ಜೋಳ, ಕಡಲೆ ಬೆಳೀತಿದ್ದ ಎರಿ ಹೊಲಗಳಿಗೆ ಎಪ್ಪತ್ತರ ದಶಕದಲ್ಲಿ ಕಾಲುವೆ ನೀರು ಹರಿಯಿತು. ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿ ಅವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು. ಆರಂಭದಲ್ಲಿ ಒಳ್ಳೆ ರೇಟು. ರೈತರು ಸಾಲ ಮಾಡಿ ಬೀಜ, ಗೊಬ್ಬರ, ಔಷಧಿ ತಂದರು.

ಆಮೇಲೆ ಮೂರು ಏಟು ಒಟ್ಟಿಗೆ ಬಿದ್ದವು. ಹತ್ತಿ ದರ ಕುಸಿಯಿತು. ನೀರು ಬಿಟ್ಟ ಎರಿ ಭೂಮಿ ಕೆಲವು ಕಡೆ ಸವುಳು-ಜವುಳಾಯಿತು: ನೀರು ಬಸಿದುಹೋಗದೆ ನಿಂತು, ಉಪ್ಪು ಮೇಲೆ ಬಂದು, ಹೊಲ ಬೆಳ್ಳಗಾಯಿತು. ಮೂರನೆಯದು ಬೆಟರ್‌ಮೆಂಟ್ ಲೆವಿ, ಅಂದರೆ ಅಭಿವೃದ್ಧಿ ಕರ. ನೀರು ಬಂದು ನಿಮ್ಮ ಭೂಮಿಯ ಬೆಲೆ ಹೆಚ್ಚಾಗಿದೆ, ಅದರಲ್ಲಿ ಸರ್ಕಾರಕ್ಕೆ ಪಾಲು ಕೊಡಿ ಅನ್ನೋದು ಇದರ ತರ್ಕ. ಪುಸ್ತಕದಲ್ಲಿ ಈ ತರ್ಕ ತಪ್ಪಲ್ಲ. ಆದರೆ ಕಾಲುವೆಯ ತುದಿಯ ರೈತನಿಗೆ ನೀರೇ ಮುಟ್ಟಿರಲಿಲ್ಲ. ನೋಟಿಸ್ ಮಾತ್ರ ಮುಟ್ಟಿತ್ತು.

ಅಕೌಂಟ್ಸ್ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಮಾಲು ತಲುಪಿಲ್ಲ, ಬಿಲ್ ತಲುಪಿದೆ. ವ್ಯಾಪಾರದಲ್ಲಿ ಹೀಗಾದರೆ ಬಿಲ್ ವಾಪಸ್ ಕಳಿಸ್ತೀವಿ. ಸರ್ಕಾರದ ಬಿಲ್ಲನ್ನ ಎಲ್ಲಿಗೆ ವಾಪಸ್ ಕಳಿಸೋದು?

1980ರಲ್ಲಿ ಅಚ್ಚುಕಟ್ಟು ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಮನವಿ ಕೊಟ್ಟರು, ಧರಣಿ ಕೂತರು. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಎಲ್ಲ ಕೈಮೀರಿತು. ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಪೊಲೀಸರ ಗುಂಡಿಗೆ ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಲಿಯಾದರು. ಜನರ ಕೈಯಲ್ಲಿ ಪೊಲೀಸರೂ ಸತ್ತರು, ಅವರ ಮನೆಯಲ್ಲೂ ಅವತ್ತು ಒಲೆ ಹೊತ್ತಿರಲಿಕ್ಕಿಲ್ಲ. ಆಮೇಲೆ ಗುಂಡೂರಾವ್ ಸರ್ಕಾರ ಕರ ವಸೂಲಿಯಿಂದ ಹಿಂದೆ ಸರಿಯಿತು. ಆ ಕಿಡಿಯಿಂದ ರೈತ ಸಂಘ ರಾಜ್ಯಕ್ಕೆಲ್ಲ ಹಬ್ಬಿತು. ಮನವಿಗೆ ಸಿಗದ ಉತ್ತರ ಹೆಣ ಬಿದ್ದ ಮೇಲೆ ಸಿಕ್ಕಿತು. ಇದು ಬಹಳ ಕೆಟ್ಟ ಪಾಠ, ಯಾಕಂದ್ರೆ ಜನ ಅದನ್ನ ಮರೆಯೋದಿಲ್ಲ.

ಇದು ನಮ್ಮ ಊರಿನ ವಿಶೇಷ ಅನ್ಕೋಬೇಡಿ. ಅಫ್ಘಾನಿಸ್ತಾನದ ಹೆಲ್ಮಂಡ್ ಕಣಿವೆಯಲ್ಲಿ 1950ರ ದಶಕದಲ್ಲಿ ಅಮೆರಿಕದ ನೆರವಿನಿಂದ ಕಜಾಕಿ ಅಣೆಕಟ್ಟೆ, ಕಾಲುವೆ ಬಂದವು. ಅಲ್ಲೂ ಭೂಮಿ ಜವುಳಾಯಿತು, ಉಪ್ಪೇರಿತು. ಯುದ್ಧ ನಡೀತಿದ್ದಾಗ, 2008ರಲ್ಲಿ, ಸಾವಿರಾರು ಸೈನಿಕರ ಕಾವಲಿನಲ್ಲಿ ಒಂದು ದೊಡ್ಡ ಟರ್ಬೈನ್ ಅಲ್ಲಿಗೆ ಸಾಗಿಸಿದರು. ಅದನ್ನ ಕೂಡಿಸೋಕೆ ಸಿಮೆಂಟು ಸಾಗಿಸುವ ರಸ್ತೆಯೇ ಸುರಕ್ಷಿತ ಇರಲಿಲ್ಲ, ವರ್ಷಗಟ್ಟಲೆ ಅದು ಪೆಟ್ಟಿಗೆಯಲ್ಲೇ ಬಿದ್ದಿತ್ತು. ತಾಲಿಬಾನ್ ಹಿಡಿತದ ಊರುಗಳಲ್ಲಿ ಕರೆಂಟ್ ಬಿಲ್ ವಸೂಲಿ ಮಾಡ್ತಿದ್ದದ್ದು ತಾಲಿಬಾನೇ! ರೊಕ್ಕ ಯಾರು ತಂದರು ಅನ್ನೋದಕ್ಕಿಂತ, ಲೆಕ್ಕ ಯಾರ ಕೈಯಲ್ಲಿದೆ ಅನ್ನೋದು ಮುಖ್ಯ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳೋಕಾಗಲ್ಲ.

ಹಾಗಂತ ರೇಣುಕಾಸಾಗರ ಬೇಡವಿತ್ತಾ? ಖಂಡಿತ ಬೇಕಿತ್ತು. ಹುಬ್ಬಳ್ಳಿ-ಧಾರವಾಡದ ನಲ್ಲಿಗೂ ಅದೇ ನೀರು ಬರುತ್ತೆ. ಯೋಜನೆಯ ಶತ್ರು ರೈತ ಅಲ್ಲ. ಇವತ್ತು ಕಳಸಾ-ಬಂಡೂರಿ ನಾಲೆ ಮಾಡಿ ಅಂತ ದಶಕಗಳಿಂದ ಬೀದಿಗಿಳಿದಿರೋದು ಅದೇ ನರಗುಂದ, ನವಲಗುಂದ, ಸವದತ್ತಿ, ರಾಮದುರ್ಗದ ಜನ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು ಸುಮಾರು 3.9. ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನ ಎಷ್ಟು ಭಾಷಣಗಳಲ್ಲಿ ಜನರಿಗೆ ಬಿಡಿಸಿ ಹೇಳಿದ್ದಾರೆ, ನೀವೇ ನೆನಪು ಮಾಡಿಕೊಳ್ಳಿ.

2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ಮುನವಳ್ಳಿ, ರಾಮದುರ್ಗಕ್ಕೆ ನುಗ್ಗಿತು. ಸರ್ಕಾರ ತುರ್ತಿಗೆ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ರೊಕ್ಕ ಸಣ್ಣದಲ್ಲ. ಆದರೆ ನಿಮ್ಮ ಮನೆ 'ಎ'ನೋ, 'ಬಿ'ನೋ, 'ಸಿ'ನೋ ಅನ್ನೋದು ಒಂದು ಪಟ್ಟಿ. ಆ ಪಟ್ಟಿ ಬರೆಯೋರು ಯಾರು? ತಪ್ಪಿದ್ದರೆ ಎಷ್ಟು ದಿನದೊಳಗೆ, ಯಾರ ಮುಂದೆ ಕೇಳಬೇಕು? ಇದು ಬೀಡಿ ಕಚೇರಿಯ ದಫ್ತರದ ಪ್ರಶ್ನೆಯೇ, ಕಾಗದದ ಬದಲು ಕಂಪ್ಯೂಟರ್ ಬಂದಿದೆ ಅಷ್ಟೇ.

ನನ್ನ ಮಾತು ಇಷ್ಟೇ. ಜಗಳ ಕಂಡ ನೆಲಕ್ಕೆ ಯೋಜನೆ ತರೋರು ರೊಕ್ಕಕ್ಕಿಂತ ಮೊದಲು ಪಟ್ಟಿಯನ್ನ ಪಂಚಾಯಿತಿ ಗೋಡೆಗೆ ಅಂಟಿಸಲಿ, ಆಕ್ಷೇಪಣೆಗೆ ಒಂದು ಮೇಜು, ಒಂದು ತಾರೀಖು ಇಡಲಿ. ನೀರು ಹರಿದ ಮೇಲೆ ಬಿಲ್ ಕಳಿಸಲಿ. ಇದಕ್ಕೆ ವಿಶ್ವಬ್ಯಾಂಕಿನ ಸಾಲ ಬೇಕಿಲ್ಲ, ಗೋಂದು ಸಾಕು. ನಿಮ್ಮ ಊರಿನ ಪರಿಹಾರದ ಪಟ್ಟಿ ಕೊನೆಯ ಸಲ ಯಾವಾಗ ಗೋಡೆ ಮೇಲೆ ನೋಡಿದ್ರಿ? ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.