ತಂತಿಯ ಕೆಳಗಿನ ಊರುಗಳು: ಶಿವನಸಮುದ್ರದಿಂದ ಪಾವಗಡದವರೆಗೆ

ಮಡಕಶಿರಾ ಸೀಮೆಯವರಾದ ನಮಗೆ ಪಾವಗಡ ಪರಸ್ಥಳವಲ್ಲ. ಹಿಂದೆ ಅದು ಮೈಸೂರು ಮಹಾರಾಜರ ಸಂಸ್ಥಾನಕ್ಕೆ ಸೇರಿತ್ತು. ನಾವು ಮದರಾಸು ಆಧಿಪತ್ಯದ ಅನಂತಪುರ ಜಿಲ್ಲೆಗೆ ಸೇರಿದ್ದೆವು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಅದರೊಳಗೆ ಉಳಿದೆವು, 1956ರಲ್ಲಿ ಕನ್ನಡ ನಾಡು ಒಂದಾದಾಗಲೂ ಅಲ್ಲಿಯೇ ಉಳಿದೆವು. ನಕ್ಷೆಯನ್ನು ನೋಡಿದರೆ ಪಾವಗಡ ತಾಲ್ಲೂಕು ಆಂಧ್ರದೊಳಕ್ಕೂ ಮಡಕಶಿರಾ ಕರ್ನಾಟಕದೊಳಕ್ಕೂ ತೂರಿಕೊಂಡಂತೆ ಕಾಣುತ್ತದೆ. ನೆಂಟಸ್ತನ, ಸಂತೆ, ಜಾತ್ರೆ, ಕಡಲೆಕಾಯಿ ಹೊಲದ ಕೂಲಿ, ಇವು ಯಾವುವೂ ಗಡಿಕಲ್ಲನ್ನು ಕೇಳಿ ನಡೆದವಲ್ಲ. ಆದುದರಿಂದ ಪಾವಗಡದ ನೆಲದಲ್ಲಿ ಈಚೆಗೆ ನಡೆದಿರುವ ದೊಡ್ಡ ಬದಲಾವಣೆಯನ್ನು ಕುರಿತು ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗದೆಂದು ಭಾವಿಸಿದ್ದೇವೆ. ಅಲ್ಲಿ ಸುಮಾರು 13,000 ಎಕರೆ ಹೊಲದ ಮೇಲೆ ಈಗ ಸೌರ ಫಲಕಗಳು ಹರಡಿಕೊಂಡಿವೆ. ಅದರ ಅರ್ಥ ಸರಿಯಾಗಿ ತಿಳಿಯಬೇಕಾದರೆ ನೂರಿಪ್ಪತ್ತು ವರ್ಷಗಳಷ್ಟು ಹಿಂದಕ್ಕೆ, ಕಾವೇರಿಯ ದಡಕ್ಕೆ ಹೋಗಬೇಕು.

ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿದ್ದುದು ತೆಲುಗಿನಿಂದ ಅನುವಾದವಾದ ಸಮಾಜ ಪಾಠದ ಪುಸ್ತಕ. ಅದರಲ್ಲಿ ನಾಗಾರ್ಜುನಸಾಗರವಿರುತ್ತಿತ್ತು, ತುಂಗಭದ್ರೆಯಿರುತ್ತಿತ್ತು. ಶಿವನಸಮುದ್ರವನ್ನು ನಾವೇ ಕಪ್ಪು ಹಲಗೆಯ ಮೇಲೆ ಬರೆದು ಸೇರಿಸುತ್ತಿದ್ದೆವು. ಜಲಪಾತದಿಂದ ದೀಪ ಹೊತ್ತುವುದೆಂದರೆ ಬುಡ್ಡಿ ದೀಪದಲ್ಲಿ ಓದುತ್ತಿದ್ದ ಆ ಮಕ್ಕಳಿಗೆ ಕಟ್ಟುಕಥೆಯಂತೆ ಕೇಳಿಸುತ್ತಿತ್ತು.

ಶಿವನಸಮುದ್ರದ ಯೋಜನೆ ಮೈಸೂರು ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ್ದು. ಕೋಲಾರದ ಚಿನ್ನದ ಗಣಿಗಳು ಅಂದು ಹಬೆಯಂತ್ರಗಳಿಂದ ನಡೆಯುತ್ತಿದ್ದವು. ಅವುಗಳ ಹೊಟ್ಟೆ ತುಂಬಿಸಲು ಸೌದೆಯೂ ಕಲ್ಲಿದ್ದಲೂ ರಾಶಿ ರಾಶಿಯಾಗಿ ಬೇಕಾಗುತ್ತಿತ್ತು, ಸುತ್ತಣ ಕಾಡು ಕರಗುತ್ತಿತ್ತು. ಬೀಳುವ ನೀರಿನಿಂದ ವಿದ್ಯುತ್ತನ್ನು ತೆಗೆದು ತಂತಿಯ ಮೂಲಕ ಗಣಿಗೆ ಮುಟ್ಟಿಸಬಹುದೆಂಬ ಲೆಕ್ಕವನ್ನು ಸಂಸ್ಥಾನದ ಸೇವೆಯಲ್ಲಿದ್ದ ಇಂಜಿನಿಯರ್ ಲಾಟ್‌ಬಿನಿಯರ್ ಮುಂದಿಟ್ಟರು. ಅದಕ್ಕಾಗಿಯೇ ಅವರು ಯುರೋಪು, ಅಮೆರಿಕಗಳನ್ನು ಸುತ್ತಿ ಬಂದರು. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ರೈಲಿಳಿದ ಭಾರದ ಸಾಮಾನನ್ನು ನದಿಯವರೆಗೆ ಸಾಗಿಸಿದ್ದು ಎತ್ತಿನ ಗಾಡಿ ಮತ್ತು ಆನೆ. ಹೊಸ ಯುಗದ ಯಂತ್ರವನ್ನು ಹಳೆಯ ಯುಗದ ಪ್ರಾಣಿಗಳೇ ಹೊತ್ತು ತಂದವೆಂಬುದನ್ನು ಹೇಳುವಾಗ ತರಗತಿಯಲ್ಲಿ ಎಂದೂ ಗದ್ದಲವಿರುತ್ತಿರಲಿಲ್ಲ.

1902ರ ಜೂನ್ 30ರಂದು ವಿದ್ಯುತ್ತು ಗಣಿಯನ್ನು ಮುಟ್ಟಿತು. ನದಿಯಿಂದ ಕೋಲಾರದ ಗಣಿಗೆ ಸುಮಾರು 147 ಕಿಲೋಮೀಟರು; ಅಂದಿನ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೂ ಒಂದು. ಉತ್ಪಾದನೆ ಕೇವಲ ನಾಲ್ಕು ಮೆಗಾವ್ಯಾಟಿಗಿಂತ ಸ್ವಲ್ಪ ಹೆಚ್ಚು. ಇದೆಲ್ಲವನ್ನೂ ಕಾಣಲು ಶೇಷಾದ್ರಿ ಅಯ್ಯರ್ ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿದ್ದು ಮೂರು ವರ್ಷಗಳ ನಂತರ, 1905ರ ಆಗಸ್ಟಿನಲ್ಲಿ. ಮುಂದೆ ಬೇಸಿಗೆಯಲ್ಲಿ ನೀರಿಳಿದು ಗಣಿಗೆ ಕೊಟ್ಟ ಮಾತು ತಪ್ಪಬಾರದೆಂಬುದೂ ಕನ್ನಂಬಾಡಿ ಕಟ್ಟೆಗೆ ಒಂದು ಮುಖ್ಯ ಕಾರಣವಾಯಿತು. ಕೆ.ಆರ್.ಎಸ್. ಎಂದೊಡನೆ ನಮಗೆ ಮಂಡ್ಯದ ಕಬ್ಬಿನ ಗದ್ದೆ ನೆನಪಾಗುತ್ತದೆ. ಚಿನ್ನದ ಗಣಿ ಯಾರಿಗೂ ನೆನಪಾಗುವುದಿಲ್ಲ.

ಈ ಕೀರ್ತಿಕಥೆಯಲ್ಲಿ ಒಂದು ಸಂಗತಿಯನ್ನು ನಾವು ಬಹುಕಾಲ ಗಮನಿಸಿರಲಿಲ್ಲ. ಆ 147 ಕಿಲೋಮೀಟರಿನ ಉದ್ದಕ್ಕೂ ತಂತಿಯ ಕೆಳಗೆ ಹಳ್ಳಿಗಳಿದ್ದವು. ರೈತನ ಹೊಲದಲ್ಲಿ ಕಂಬ ನಿಂತಿತು, ಅವನ ತಲೆಯ ಮೇಲೆ ವಿದ್ಯುತ್ತು ಹರಿಯಿತು, ಅವನ ಮನೆಯಲ್ಲಿ ಮಾತ್ರ ಹರಳೆಣ್ಣೆಯ ಹಣತೆಯೇ ಉರಿಯಿತು. ಅದಕ್ಕಾಗಿ ಅಂದಿನವರನ್ನು ದೂರುವಂತಿಲ್ಲ. ಸಂಸ್ಥಾನಕ್ಕೆ ಗಣಿಯಿಂದ ಹಣ ಬರಬೇಕಿತ್ತು, ಬಂದ ಹಣದಿಂದ ಮುಂದೆ ಎಷ್ಟೋ ಒಳ್ಳೆಯ ಕೆಲಸಗಳಾದವು. ಆದರೆ ತಂತಿಯ ಕೆಳಗಿದ್ದವನಿಗೆ ಏನು ಎಂಬ ಪ್ರಶ್ನೆ ಅಂದೇ ಹುಟ್ಟಿತು.

ಆ ಪ್ರಶ್ನೆಯನ್ನು ವಿಜ್ಞಾನದ ಪ್ರಶ್ನೆಯನ್ನಾಗಿ ಎತ್ತಿಕೊಂಡವರು ಪ್ರೊ. ಅಮೂಲ್ಯ ರೆಡ್ಡಿಯವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಹೆಸರು ಮಾಡಿದ್ದ ಅವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಪ್ರಯೋಗಭೂಮಿ. ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಹೊಗೆ ಕೊಳವೆಯಿಂದ ಹೊರಹೋಗುವ ‘ಅಸ್ತ್ರ ಒಲೆ’ ಎಷ್ಟೋ ಮನೆಗಳಲ್ಲಿ ಸೌದೆಯನ್ನೂ ಹೆಂಗಸರ ಕಣ್ಣನ್ನೂ ಉಳಿಸಿತು. ಉಂಗ್ರದ ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಗೋಬರ್ ಅನಿಲದ ಸ್ಥಾವರವನ್ನು ಕಟ್ಟಿದ್ದು ಇನ್ನೂ ಸ್ವಾರಸ್ಯದ ಪ್ರಸಂಗ. ಮೊದಲು ಅದು ಅಡುಗೆಗೆಂದು ಹೊರಟದ್ದು. ಎಲ್ಲರ ಒಲೆಗೂ ಸಾಲುವಷ್ಟು ಸಗಣಿ ಊರಿನಲ್ಲಿರಲಿಲ್ಲ, ಕೆಲಸ ನಿಂತಿತು. ಜನರಿಗೆ ನಿಜವಾಗಿ ಬೇಕಾಗಿದ್ದುದು ಕುಡಿಯುವ ನೀರು. ಅನಿಲದಿಂದ ಎಂಜಿನ್ ನಡೆಸಿ ಕೊಳವೆ ಬಾವಿಯ ನೀರೆತ್ತಿ, ಮಿಕ್ಕ ಹೊತ್ತು ದೀಪ ಹೊತ್ತಿಸುವುದೆಂದು ಗೊತ್ತಾದ ಮೇಲೆ 1980ರ ದಶಕದ ಕೊನೆಯಲ್ಲಿ ಅದೇ ಸ್ಥಾವರ ಮತ್ತೆ ಜೀವ ಪಡೆಯಿತು. ಸಗಣಿ ತಂದವರಿಗೆ ಗೊಬ್ಬರ ಮರಳಿ ಸಿಗುತ್ತಿತ್ತು, ಹೊತ್ತು ತಂದುದಕ್ಕೆ ಕಾಸೂ ಸಿಗುತ್ತಿತ್ತು. ಶಿವನಸಮುದ್ರದ ಮುಂದೆ ಇದು ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ಇಲ್ಲಿ ದೀಪ ಹೊತ್ತಿದ್ದು ತಂತಿಯ ಕೆಳಗಿನ ಮನೆಯಲ್ಲಿ.

ರೆಡ್ಡಿಯವರ ಮತ್ತೊಂದು ಕೆಲಸ ಹೆಚ್ಚು ಜನಕ್ಕೆ ತಿಳಿಯದು. 1987ರಲ್ಲಿ ಕರ್ನಾಟಕಕ್ಕೆ 2000ನೆಯ ಇಸವಿಯ ಹೊತ್ತಿಗೆ ಎಷ್ಟು ವಿದ್ಯುತ್ತು ಬೇಕಾದೀತೆಂದು ಸರ್ಕಾರದ ಕಡೆಯಿಂದ ಒಂದು ದೀರ್ಘಾವಧಿ ಯೋಜನೆ ಸಿದ್ಧವಾಯಿತು. ಹೊಸ ಸ್ಥಾವರಗಳ ದೊಡ್ಡ ಪಟ್ಟಿಯೇ ಅದರಲ್ಲಿತ್ತು. ರೆಡ್ಡಿಯವರೂ ಸಂಗಡಿಗರೂ ಪ್ರತಿಲೆಕ್ಕ ಹಾಕಿದರು. ಜನರಿಗೆ ಬೇಕಾದುದು ಬೆಳಕು, ನೀರು, ಬಿಸಿನೀರು. ಯೂನಿಟ್ಟು ಅದಕ್ಕೆ ದಾರಿ ಮಾತ್ರ. ಹಳೆಯ ಬಲ್ಬಿನ ಬದಲು ಕಡಿಮೆ ವಿದ್ಯುತ್ತಿನ ದೀಪ, ವಿದ್ಯುತ್ ಗೀಸರಿನ ಬದಲು ಸೌರ ಬಿಸಿನೀರು, ನೀರಾವರಿ ಪಂಪಿಗೆ ಘರ್ಷಣೆ ಕಡಿಮೆಯಿರುವ ಫುಟ್‌ವಾಲ್ವು ಮತ್ತು ಪೈಪು, ಇಷ್ಟನ್ನು ಮಾಡಿದರೆ ಎಲ್ಲ ಮನೆಗೂ ವಿದ್ಯುತ್ತು ಕೊಟ್ಟ ಮೇಲೂ ಸರ್ಕಾರ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಸಾಕೆಂದು ಅವರು ತೋರಿಸಿದರು. ಉಳಿಸಿದ ಯೂನಿಟ್ಟೂ ಉತ್ಪಾದಿಸಿದ ಯೂನಿಟ್ಟಿನಷ್ಟೇ ಬೆಲೆಯುಳ್ಳದ್ದು ಎಂಬುದು ನಮ್ಮ ಅಜ್ಜಿಯಂದಿರು ಎಣ್ಣೆಯ ಸಿದ್ದೆ ಹಿಡಿದು ಮಾಡುತ್ತಿದ್ದ ಲೆಕ್ಕವೇ. ಅದನ್ನು ಅಂಕಿ ಅಂಶಗಳಲ್ಲಿ ಹೇಳಲು ಒಬ್ಬ ಪ್ರೊಫೆಸರರು ಬೇಕಾದರು, ಹೇಳಿದ ಮೇಲೂ ಬಹುಪಾಲು ಕಡತದಲ್ಲಿಯೇ ಉಳಿಯಿತು.

ಪಂಪಿನ ವಿಷಯದಲ್ಲಂತೂ ನಮ್ಮ ಕಡೆ ಅದು ಇಂದಿಗೂ ಕಡತದಲ್ಲಿದೆಯೆಂದೇ ಹೇಳಬೇಕು. 2004ರಿಂದ ಆಂಧ್ರದಲ್ಲಿ ಕೃಷಿಗೆ ಉಚಿತ ವಿದ್ಯುತ್ತು ಬಂದಿತು. ಬರದ ನಾಡಿನ ರೈತನಿಗೆ ಅದು ಊರುಗೋಲಾಯಿತು, ಅಲ್ಲವೆನ್ನಲಾರೆವು. ಆದರೆ ಬಿಲ್ಲೇ ಬಾರದಿದ್ದಾಗ ಫುಟ್‌ವಾಲ್ವು ಬದಲಾಯಿಸಲು ಯಾರಿಗೆ ಮನಸ್ಸು ಬಂದೀತು? ನೀರು ಇನ್ನಷ್ಟು ಆಳಕ್ಕಿಳಿಯಿತು, ಮೋಟಾರು ಇನ್ನಷ್ಟು ದೊಡ್ಡದಾಯಿತು.

ದೀಪದ ವಿಷಯದಲ್ಲಿ ಮಾತ್ರ ರೆಡ್ಡಿಯವರ ಲೆಕ್ಕ ನಮ್ಮ ಮನೆಬಾಗಿಲಿಗೇ ಬಂದಿತು. ದೇಶವೆಲ್ಲ ‘ಉಜಾಲಾ’ ಎಂಬ ಹೆಸರಿನಲ್ಲಿ ಎಲ್.ಇ.ಡಿ. ಬಲ್ಬು ಹಂಚುವ ಮೊದಲೇ, 2014ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಆ ಕೆಲಸವನ್ನು ಆರಂಭಿಸಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಹಳೆಯ ಬಲ್ಬು ಕೊಟ್ಟು ಹತ್ತು ಹತ್ತು ರೂಪಾಯಿಗೆ ಮನೆಗೆರಡು ಹೊಸ ಬಲ್ಬು. ಅದೇ ತಿಂಗಳು ನೀಲಿ ಎಲ್.ಇ.ಡಿ.ಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ, ಅಕಾಸಾಕಿ, ಅಮಾನೊ, ನಕಮುರ ಅವರಿಗೆ, ಭೌತಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ನೀಲಿ ಬೆಳಕು ಸಿಕ್ಕದೆ ಬಿಳಿ ಬೆಳಕಿಲ್ಲ. ಆ ನೀಲಿಗಾಗಿ ಜಪಾನಿನಲ್ಲಿ ಹತ್ತಾರು ವರ್ಷ ದುಡಿದಿದ್ದರು. ನೊಬೆಲ್ ಬಂದ ವಸ್ತು ಬಂದ ತಿಂಗಳೇ ನಮ್ಮ ಹಳ್ಳಿಗಳ ಕಡೆ ಹೊರಟಿತ್ತೆಂಬುದು ನಮಗೆ ಈಗಲೂ ಅಚ್ಚರಿ. 60 ವ್ಯಾಟಿನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು. 7 ವ್ಯಾಟಿನ ಎಲ್.ಇ.ಡಿ.ಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು. ಫ್ಯಾನಿನಲ್ಲಿಯೂ ಇಂಥದೇ ಬದಲಾವಣೆ ಬರುತ್ತಿದೆ. 75 ವ್ಯಾಟು ಎಳೆಯುತ್ತಿದ್ದ ಕಡೆ ಬಿ.ಎಲ್.ಡಿ.ಸಿ. ಮೋಟಾರಿನದು ಸುಮಾರು 30ರಲ್ಲಿ ತಿರುಗುತ್ತದೆ. ಬೆಲೆ ಇನ್ನೂ ಇಳಿಯಬೇಕು.

ಇನ್ನು ಪಾವಗಡ. ಸೂರ್ಯನ ಬೆಳಕಿನಿಂದ ನೇರವಾಗಿ ವಿದ್ಯುತ್ತು ತೆಗೆಯುವ ಸಿಲಿಕಾನ್ ಕೋಶ 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದಾಗ ಅದು ಬಿದ್ದ ಬೆಳಕಿನ ಸುಮಾರು ಶೇಕಡಾ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದಿನ ಫಲಕಗಳು ಶೇಕಡಾ 20ನ್ನು ದಾಟಿವೆ. ಕರ್ನಾಟಕ ವಿದ್ಯುತ್ ನಿಗಮ ತನ್ನ ಮೊದಲ ದೊಡ್ಡ ಸೌರ ಸ್ಥಾವರಗಳಲ್ಲೊಂದನ್ನು 2010ರ ಹೊತ್ತಿಗೆ ಕೋಲಾರ ಜಿಲ್ಲೆಯ ಯಲೇಸಂದ್ರದಲ್ಲಿ ಕಟ್ಟಿತು, 3 ಮೆಗಾವ್ಯಾಟು. ಶಿವನಸಮುದ್ರದ ವಿದ್ಯುತ್ತು ಹುಡುಕಿಕೊಂಡು ಹೋದ ಜಿಲ್ಲೆ ಅದೇ. ಆ ವೇಳೆಗೆ ಚಿನ್ನದ ಗಣಿ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಅಲ್ಲಿಂದ ಎಂಟೇ ವರ್ಷಕ್ಕೆ, 2018ರ ಮಾರ್ಚಿನಲ್ಲಿ, ಪಾವಗಡದ ‘ಶಕ್ತಿ ಸ್ಥಳ’ ಉದ್ಘಾಟನೆಯಾಯಿತು. 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವ್ಯಾಟು ಮುಟ್ಟಿತು. ಇದೇ ಅವಧಿಯಲ್ಲಿ ಸೌರ ವಿದ್ಯುತ್ತಿನ ದರ ಯೂನಿಟ್ಟಿಗೆ ಹತ್ತು ರೂಪಾಯಿಗೂ ಮೇಲಿದ್ದದ್ದು ಮೂರರ ಆಸುಪಾಸಿಗೆ ಇಳಿಯಿತು.

ಯಂತ್ರಕ್ಕಿಂತಲೂ ಅಲ್ಲಿನ ಕರಾರೇ ನಮ್ಮ ಗಮನ ಸೆಳೆದದ್ದು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯಿತು. ನಮ್ಮ ಕದಿರಿ ಕಡೆಯ ನಂಬುಲಪೂಲಕುಂಟದಲ್ಲಿ ಸೌರ ಪಾರ್ಕಿಗೆ ಜಮೀನನ್ನು ಸ್ವಾಧೀನಪಡಿಸಿಕೊಂಡು ಪರಿಹಾರ ಕೊಟ್ಟಿದ್ದರು. ಅಲ್ಲಿ ಭೂಮಿ ಕೈಬಿಟ್ಟಿತು, ಇಲ್ಲಿ ಬಿಡಲಿಲ್ಲ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿಯ ಬೀಜದ ಹಣವೂ ಹುಟ್ಟದ ನೆಲದಲ್ಲಿ ಐದೆಕರೆಯವನಿಗೆ ವರ್ಷಕ್ಕೆ ಒಂದು ಲಕ್ಷದ ಐದು ಸಾವಿರ ತಪ್ಪದೆ ಬರುವುದೆಂದರೆ ಸಾಮಾನ್ಯವಲ್ಲ. ತಂತಿಯ ಕೆಳಗಿದ್ದವನಿಗೆ ನೂರು ವರ್ಷಗಳ ಮೇಲೆ ಒಂದು ಪಾಲು ಸಿಕ್ಕಿತೆಂದು ನಾವು ಸಂತೋಷಪಟ್ಟೆವು. ಎರಡು ವರ್ಷಕ್ಕೆ ಶೇಕಡಾ ಐದೆಂದರೆ ವರ್ಷಕ್ಕೆ ಎರಡೂವರೆ. ಅಂಗಡಿಯ ಬೆಲೆಗಳು ಅದಕ್ಕಿಂತ ಬೇಗ ಏರುತ್ತವೆ, ಹತ್ತಿಪ್ಪತ್ತು ವರ್ಷದಲ್ಲಿ ಆ ಪಾಲು ಸವೆಯುತ್ತದೆ. ಈ ಮಾತನ್ನು ಅಂದು ಯಾರೂ ಕೇಳಲಿಲ್ಲ, ಕರಾರಿನ ದಿನ ಕೇಳುವ ಮಾತೂ ಅಲ್ಲವೇನೋ.

ಜಮೀನಿಲ್ಲದವನಿಗೆ ಗುತ್ತಿಗೆಯೂ ಇಲ್ಲ. ಬಿತ್ತನೆ, ಕಳೆ, ಕಾಯಿ ಕೀಳುವುದು, ಬಿಡಿಸುವುದು, ಕುರಿ ಮೇಯಿಸುವುದು, 13,000 ಎಕರೆಯಿಂದ ಇಷ್ಟೂ ಒಟ್ಟಿಗೆ ಎದ್ದುಹೋಯಿತು. ಫಲಕ ತೊಳೆಯಲು, ಹುಲ್ಲು ಕತ್ತರಿಸಲು, ಕಾವಲಿಗೆ ಒಂದಿಷ್ಟು ಜನ ಬೇಕಾದರು. ಹೊಲಕ್ಕೆ ಬೇಕಾಗಿದ್ದಷ್ಟು ಕೈಗಳು ಫಲಕಕ್ಕೆ ಬೇಡ.

ಹೋದ ವರ್ಷ ನಮ್ಮ ಕಡೆಯ ಹಳ್ಳಿಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆವು. ಅವನ ತಾಯಿ ಪ್ರತಿ ವರ್ಷ ಕಡಲೆಕಾಯಿ ಸುಗ್ಗಿಯಲ್ಲಿ ಗಡಿ ದಾಟಿ ತಿರುಮಣಿಯ ಕಡೆ ಇರುವ ತಂಗಿಯ ಊರಿನಲ್ಲಿ ತಿಂಗಳೊಪ್ಪತ್ತು ಇದ್ದು ಕೂಲಿ ಮಾಡಿ ಬರುತ್ತಿದ್ದವರು. ಪಾವಗಡದ ಮಾತು ಬಂದಿತು.

“ಜಮೀನಿದ್ದೋರಿಗೆ ವರ್ಸಾ ವರ್ಸಾ ದುಡ್ಡು ಬರ್ತದೆ ಮೇಷ್ಟ್ರೆ, ಬರ್ಲಿ, ನನ್ನ ತಂಗಿ ಮನೇಗೂ ಬರ್ತದೆ. ನಮಗಿದ್ದಿದ್ದು ಕಾಯಿ ಬಿಡಿಸೋ ಕೂಲಿ. ಅದಕ್ಕೆ ಯಾರನ್ನ ಕೇಳೋದು? ಆ ಕಡೆ ಪಟ್ಟೀಲಿ ನಮ್ಮ ಹೆಸರಿರಲ್ಲ, ಈ ಕಡೆ ಅದು ನಮ್ಮೂರಿನ ಹೊಲ ಅಲ್ಲ.”

ಉತ್ತರ ನಮ್ಮಲ್ಲಿರಲಿಲ್ಲ. ಅಷ್ಟರಲ್ಲಿ ಹೊತ್ತು ಮುಳುಗಿತ್ತು, ಪಾವಗಡದ ಫಲಕಗಳು ಆ ದಿನದ ಕೆಲಸ ಮುಗಿಸಿದ್ದವು. ಆಕೆ ಎದ್ದು ಹೋಗಿ ಸ್ವಿಚ್ಚು ಒತ್ತಿದರು. ನಡುಮನೆಯಲ್ಲಿ 2014ರ ಆ ಹತ್ತು ರೂಪಾಯಿಯ ಬಲ್ಬು ಇನ್ನೂ ಉರಿಯುತ್ತಿತ್ತು.