ಸಿಂಹಮೀನಿಗೆ ಜೀವಂತ ಗೋಲ್ಡ್‌ಫಿಶ್ ಹಾಕಲೇಬೇಕಾ? ನಿಜ ಏನು?

ಮೀನು ಸಾಕುವವರ ನಡುವೆ ಓಡಾಡುವ ಮೆಸೇಜ್‌ಗಳಲ್ಲಿ ಮೂರು ಮಾತು ಆಗಾಗ ಕಾಣಿಸುತ್ತವೆ. "ಸಿಂಹಮೀನು ಜೀವಂತ ಮೀನು ಬಿಟ್ಟು ಬೇರೇನೂ ಮುಟ್ಟಲ್ಲ." "ಗೋಲ್ಡ್‌ಫಿಶ್ ಹಾಕ್ತಾ ಇದ್ರೆ ಸಾಕು." "ಉಪವಾಸ ಕೆಡವಿ, ತಾನಾಗೇ ದಾರಿಗೆ ಬರುತ್ತೆ." ಶಿವಮೊಗ್ಗ, ಭದ್ರಾವತಿಯಂಥ ಊರಿನಲ್ಲಿ ಸಮುದ್ರ ಇರುವುದು ಘಾಟಿಯ ಆಚೆ. ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಕೇಳಿ ತಿಳಿಯಲು ಅನುಭವಸ್ಥರು ಹತ್ತಿರದಲ್ಲಿ ಸಿಗುವುದು ಅಪರೂಪ. ಹಾಗಾಗಿ ಫಾರ್ವರ್ಡ್ ಹೇಳಿದ್ದೇ ಸರಿ ಎನಿಸಿಬಿಡುತ್ತದೆ. ಈ ಮೂರೂ ಮಾತು ತಪ್ಪು. ಅದರಲ್ಲೂ ಎರಡನೆಯದು ಮೀನನ್ನು ನಿಧಾನವಾಗಿ ಕೊಲ್ಲುತ್ತದೆ.

ಮೊದಲು, ಇದು ಯಾವ ಮೀನು?

ಮೈಮೇಲೆ ಕೆಂಪು-ಬಿಳಿ ಪಟ್ಟೆ, ಬೀಸಣಿಗೆಯಂತೆ ಹರಡಿದ ರೆಕ್ಕೆ. ಅಂಗಡಿಗಳಲ್ಲಿ ಇದರ ಹೆಸರು ಲಯನ್‌ಫಿಶ್. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಬಂಡೆ, ಹವಳಗಳ ನಡುವೆ ಬದುಕುವ ಬೇಟೆಗಾರ ಇದು. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಡೈವಿಂಗ್ ಮಾಡುವವರಿಗೂ ಕಾಣಸಿಗುತ್ತದೆ.

ಶೃಂಗೇರಿಯ ಮೀನು ಮಂಡಕ್ಕಿ ತಿನ್ನುತ್ತೆ, ಇದೇಕೆ ತಿನ್ನಲ್ಲ?

ಶೃಂಗೇರಿಯಲ್ಲಿ ತುಂಗೆಯ ಮೀನುಗಳು ಭಕ್ತರು ಎಸೆದ ಮಂಡಕ್ಕಿಗೆ ಮುಗಿಬೀಳುವುದನ್ನು ನೀವು ನೋಡಿರಬಹುದು. ಅಲ್ಲಿರುವ ಮಹಶೀರ್ ಮೀನು ಹುಳ, ಹಣ್ಣು, ಬೀಜ, ಸಣ್ಣ ಮೀನು ಎಲ್ಲವನ್ನೂ ತಿನ್ನುತ್ತದೆ. ನೀರಿಗೆ ಬಿದ್ದದ್ದನ್ನು ಬಾಯಿಗೆ ಹಾಕಿ ನೋಡುವುದು ಅದರ ಸ್ವಭಾವ.

ಸಿಂಹಮೀನು ಹಾಗಲ್ಲ. ಹೊಂಚು ಹಾಕಿ, ಎದುರಿನ ಜೀವಿ ಅಲುಗಾಡಿದಾಗ ಅದನ್ನು ಗುರುತಿಸಿ, ಫಕ್ಕನೆ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಅದರ ಲೆಕ್ಕದಲ್ಲಿ ಅಲುಗಾಡದ ವಸ್ತು ಆಹಾರವೇ ಅಲ್ಲ. ತೇಲುವ ಪೆಲೆಟ್ ನಿಮಗೆ ಊಟ, ಅದಕ್ಕೆ ಕಲ್ಲು. ಇದು ಹಟವಲ್ಲ, ಗುರುತು ಸಿಗದಿರುವುದು. ಹಾಗಾದರೆ ನಾವು ಮಾಡಬೇಕಾದ ಕೆಲಸ ಒಂದೇ: ಸತ್ತ ಆಹಾರಕ್ಕೆ ಚಲನೆ ಕೊಡುವುದು.

ಗೋಲ್ಡ್‌ಫಿಶ್ ಹಾಕಿದರೆ ಏನು ತೊಂದರೆ?

ಸಿಂಹಮೀನು ಗೋಲ್ಡ್‌ಫಿಶ್ಶನ್ನು ಖುಷಿಯಿಂದಲೇ ತಿನ್ನುತ್ತದೆ. ತೊಂದರೆ ಆಮೇಲೆ ಶುರು.

ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇದೆ. ಅದು ವಿಟಮಿನ್ ಬಿ1 ಅನ್ನು ಒಡೆದು ಹಾಕುತ್ತದೆ. ದಿನವೂ ಅದನ್ನೇ ತಿಂದ ಮೀನಿಗೆ ಬಿ1 ಕೊರತೆಯಾಗಿ ನರಗಳು ಸೋಲುತ್ತವೆ, ಈಜುವ ಸಮತೋಲನ ತಪ್ಪುತ್ತದೆ. ಈ ಕೊರತೆಯ ಇನ್ನೊಂದು ಲಕ್ಷಣ ಹಸಿವು ಸಾಯುವುದು. ಅಂದರೆ ಊಟ ಬಿಟ್ಟ ಮೀನಿಗೆ ಎಂದು ಹಾಕಿದ ಗೋಲ್ಡ್‌ಫಿಶ್ಶೇ ಮತ್ತೆ ಊಟ ಬಿಡಿಸುತ್ತದೆ.

ಜೊತೆಗೆ, ಸಮುದ್ರದ ಮೀನಿಗೆ ಬೇಕಾದ ಒಮೆಗಾ-3 ಕೊಬ್ಬಿನಾಮ್ಲಗಳು ಗೋಲ್ಡ್‌ಫಿಶ್‌ನಲ್ಲಿ ಕಡಿಮೆ. ಅದು ಸಿಹಿನೀರಿನ ಮೀನು, ಉಪ್ಪುನೀರಿನಲ್ಲಿ ಹೆಚ್ಚು ಹೊತ್ತು ಬದುಕುವುದೂ ಇಲ್ಲ. ತಿನ್ನದೆ ಉಳಿದದ್ದು ಸತ್ತು ಕೊಳೆತು ನೀರಿನಲ್ಲಿ ಅಮೋನಿಯಾ ಏರಿಸುತ್ತದೆ.

ಉಪವಾಸ ಕೆಡವಿದರೆ?

ಸಿಂಹಮೀನು ವಾರಗಟ್ಟಲೆ ಊಟವಿಲ್ಲದೆ ಇರಬಲ್ಲದು, ಇದು ನಿಜ. ಆದರೆ ಅದು ಆರೋಗ್ಯವಾಗಿರುವ ಮೀನಿನ ಮಾತು. ಸಮುದ್ರದಲ್ಲಿ ಹಿಡಿದು, ಚೀಲದಲ್ಲಿ ಕಟ್ಟಿ, ಊರಿಂದ ಊರಿಗೆ ಸಾಗಿ ಬಂದ ಮೀನು ಆಗಲೇ ಸೊರಗಿರುತ್ತದೆ. ಎರಡು-ಮೂರು ದಿನ ಸುಮ್ಮನೆ ಬಿಡುವುದು ಸರಿ. ಹಸಿವಿನಿಂದ ಪಾಠ ಕಲಿಸಲು ಹೊರಟರೆ ಹೊಟ್ಟೆ ಒಳಸೇರಿ, ಆಮೇಲೆ ತಿನ್ನುವ ಶಕ್ತಿಯೂ ಉಳಿಯುವುದಿಲ್ಲ.

ಊಟಕ್ಕೂ ಮೊದಲು ನೀರು ನೋಡಿ

ಊಟ ಬಿಡಲು ಕೆಟ್ಟ ನೀರೂ ಕಾರಣ ಇರಬಹುದು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೀರಿನ ಬಿಸಿ 24ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ನಮ್ಮ ಏಪ್ರಿಲ್ ಬಿಸಿಲಿಗೆ ನೀರು ಬೇಗ ಕಾಯುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಉಸಿರಾಟವೇ ಕಷ್ಟ.

ನಲ್ಲಿ ನೀರಿಗೆ ಅಡುಗೆ ಉಪ್ಪು ಬೆರೆಸಿದರೆ ಸಮುದ್ರದ ನೀರಾಗುತ್ತದೆ ಎನ್ನುವುದೂ ಸುಳ್ಳು. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕೂಡ ಇರುತ್ತವೆ. ಅಕ್ವೇರಿಯಂಗೆಂದೇ ಬರುವ ಸಮುದ್ರ ಉಪ್ಪನ್ನು, ಕ್ಲೋರಿನ್ ತೆಗೆದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಬೆರೆಸಬೇಕು.

ಇನ್ನೊಂದು ವಿಷಯ. ಸಿಂಹಮೀನು ಆಗಾಗ ಮೈಮೇಲಿನ ತೆಳು ಪೊರೆ ಕಳಚುತ್ತದೆ. ಆಗ ಒಂದೆರಡು ದಿನ ತಿನ್ನದಿದ್ದರೆ ಗಾಬರಿ ಬೇಡ.

ಒಗ್ಗಿಸುವುದು ಹೇಗೆ? ನಾಲ್ಕು ಹಂತ

1. ಜೀವಂತ ಸಿಗಡಿ: ಮೊದಲ ವಾರ ಚಿಕ್ಕ ಜೀವಂತ ಸಿಗಡಿ ಕೊಡಿ. ಸಿಗದಿದ್ದರೆ ಗಪ್ಪಿ ಮೀನು ಆದೀತು. ಹೌದು, ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆ ತೊಟ್ಟಿಗಳಿಗೆ ಬಿಡುವ ಅದೇ ಗಪ್ಪಿ. ನಿಧಾನವಾಗಿ ಒಗ್ಗಿಸಿದರೆ ಗಪ್ಪಿ ಉಪ್ಪುನೀರಿನಲ್ಲೂ ಬದುಕುತ್ತದೆ. ಇದು ಹಸಿವು ಮರಳಿಸಲು ಮಾತ್ರ, ನಿತ್ಯದ ಊಟಕ್ಕಲ್ಲ.

2. ಕಡ್ಡಿಯ ತುದಿಯಲ್ಲಿ: ತುದಿ ಮೊಂಡಾದ, ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿಗೆ ಆಗಷ್ಟೇ ಸತ್ತ ಸಿಗಡಿಯನ್ನು ಸಡಿಲವಾಗಿ ಸಿಕ್ಕಿಸಿ. ಮೀನಿನ ಎದುರು ತಂದು ಸ್ವಲ್ಪ ನಡುಗಿಸಿ, ನಿಲ್ಲಿಸಿ, ಮತ್ತೆ ನಡುಗಿಸಿ. ಮುಖಕ್ಕೆ ಚುಚ್ಚಬೇಡಿ, ಬೇಟೆ ಎಂದೂ ಬೇಟೆಗಾರನ ಮೇಲೆ ನುಗ್ಗುವುದಿಲ್ಲ. ಸಂಜೆ ದೀಪ ಮಂದ ಮಾಡಿ ಪ್ರಯತ್ನಿಸಿದರೆ ಫಲ ಜಾಸ್ತಿ.

3. ಫ್ರೀಜರ್‌ನ ಆಹಾರ: ಕಡ್ಡಿ ಕಂಡರೆ ಹತ್ತಿರ ಬರುವ ಅಭ್ಯಾಸವಾದ ಮೇಲೆ ಜೀವಂತ ಆಹಾರ ನಿಲ್ಲಿಸಿ. ಕರಾವಳಿಯಿಂದ ಮಂಜುಗಡ್ಡೆಯಲ್ಲಿ ನಮ್ಮ ಮಾರ್ಕೆಟ್‌ಗೆ ಬರುವ ಸಿಗಡಿ, ಬೊಂಡಾಸ್, ಮೀನಿನ ತುಂಡು ಸಾಕು. ಉಪ್ಪು, ಮಸಾಲೆ ಸೋಕಿರಬಾರದು, ಒಣಮೀನು ಬೇಡವೇ ಬೇಡ. ಭೂತಾಯಿಯ ಕುಟುಂಬದ ಹಲವು ಮೀನುಗಳಲ್ಲೂ ಥಯಾಮಿನೇಸ್ ಇರುತ್ತದೆ, ಫ್ರೀಜರ್‌ನಲ್ಲಿಟ್ಟರೂ ಅದು ಹೋಗುವುದಿಲ್ಲ. ಆದ್ದರಿಂದ ಒಂದೇ ಬಗೆಯನ್ನು ಕೊಡದೆ ಬದಲಾಯಿಸುತ್ತಿರಿ.

4. ಪೆಲೆಟ್: ಸಿಗಡಿ ತುಂಡಿನೊಳಗೆ ನೆನೆಸಿದ ಪೆಲೆಟ್ ತುರುಕಿ ಕೊಡಿ. ರುಚಿ ಹತ್ತಿದರೆ ಪ್ರಮಾಣ ಹೆಚ್ಚಿಸಿ. ಕೆಲವು ಮೀನು ಪೆಲೆಟ್ ಕೊನೆಗೂ ಒಪ್ಪುವುದಿಲ್ಲ. ಫ್ರೀಜರ್‌ನ ಆಹಾರವನ್ನು ಬದಲಾಯಿಸಿ ಕೊಡುತ್ತಿದ್ದರೆ ಅಷ್ಟೇ ಸಾಕು.

ಇದಕ್ಕೆಲ್ಲ ಸಾಮಾನ್ಯವಾಗಿ ಕೆಲವು ವಾರ ಬೇಕು. ತಿನ್ನದೆ ಬಿಟ್ಟ ತುಂಡನ್ನು 10-15 ನಿಮಿಷದಲ್ಲಿ ಹೊರತೆಗೆಯಿರಿ. ಬೇಟೆಗಾರ ಮೀನನ್ನು ಒಗ್ಗಿಸುವುದು ಹೊಸ ವಿದ್ಯೆಯೇನೂ ಅಲ್ಲ. ಸಿಹಿನೀರಿನ ಮುರಲ್ ಮೀನು ಸಾಕುವ ರೈತರು ಮರಿಗಳನ್ನು ಹೀಗೆಯೇ ಹಂತಹಂತವಾಗಿ ಪೆಲೆಟ್‌ಗೆ ತರುತ್ತಾರೆ.

ತಿನ್ನಲು ಶುರು ಮಾಡಿತೆಂದು ತುರುಕಬೇಡಿ

ಸಿಂಹಮೀನಿನ ಹೊಟ್ಟೆ ಹಲವು ಪಟ್ಟು ಹಿಗ್ಗುತ್ತದೆ, ಕೊಟ್ಟಷ್ಟೂ ನುಂಗುತ್ತದೆ. ಹೆಚ್ಚಾದರೆ ಪಿತ್ತಜನಕಾಂಗದಲ್ಲಿ ಕೊಬ್ಬು ಕೂರುತ್ತದೆ. ಬೆಳೆದ ಮೀನಿಗೆ ವಾರಕ್ಕೆ ಎರಡು-ಮೂರು ಬಾರಿ ಸಾಕು.

ಕೈ ಜೋಪಾನ

ಕಡ್ಡಿ ಉದ್ದವಿರಲಿ ಎಂದದ್ದಕ್ಕೆ ಕಾರಣವಿದೆ. ಇದರ ಬೆನ್ನು ಮತ್ತು ಹೊಟ್ಟೆಯ ಕಡೆ 18 ವಿಷದ ಮುಳ್ಳುಗಳಿವೆ. ಚುಚ್ಚಿದರೆ ವಿಪರೀತ ನೋವು, ಊತ. ಸಾವು ತೀರಾ ಅಪರೂಪ, ಹಾಗೆಂದು ಉದಾಸೀನ ಬೇಡ. ಚುಚ್ಚಿದ ಭಾಗವನ್ನು ತಡೆಯುವಷ್ಟು ಬಿಸಿಯಾದ, 45 ಡಿಗ್ರಿ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿಡಿ. ನೀರಿನ ಬಿಸಿಯನ್ನು ನೋವಿಲ್ಲದ ಕೈಯಿಂದ ಮುಟ್ಟಿ ನೋಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡ. ತಡಮಾಡದೆ ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟವಾದರೆ, ತಲೆ ಸುತ್ತಿದರೆ ಅದು ತುರ್ತು.

ಸಾಕಲಾಗದಿದ್ದರೆ ಹೊಳೆಗೆ ಬಿಡಬಹುದಾ?

ಬೇಡ. ತುಂಗೆಗೋ ಭದ್ರೆಗೋ ಬಿಟ್ಟರೆ ಸಿಹಿನೀರಿನಲ್ಲಿ ನರಳಿ ಸಾಯುತ್ತದೆ. ಸಮುದ್ರಕ್ಕೂ ಬಿಡಬೇಡಿ. 1985ರಲ್ಲಿ ಅಮೆರಿಕದ ಫ್ಲೋರಿಡಾ ತೀರದಲ್ಲಿ ಮೊದಲು ಕಂಡ ಸಿಂಹಮೀನು ಇಂದು ಕೆರಿಬಿಯನ್ ತುಂಬಾ ಹಬ್ಬಿ ಅಲ್ಲಿನ ಸಣ್ಣ ಮೀನುಗಳನ್ನು ಬರಿದು ಮಾಡುತ್ತಿದೆ. ಅಕ್ವೇರಿಯಂಗಳಿಂದ ಬಿಟ್ಟ ಮೀನುಗಳೇ ಅದರ ಮೂಲ ಎಂದು ವಿಜ್ಞಾನಿಗಳು ಹೇಳುತ್ತಾರೆ. ಕೊಂಡ ಅಂಗಡಿಗೆ ಅಥವಾ ಸಾಕಬಲ್ಲ ಇನ್ನೊಬ್ಬರಿಗೆ ಕೊಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ

• ಸಿಂಹಮೀನು ಗುರುತಿಸುವುದು ಅಲುಗಾಡುವುದನ್ನು. ಸತ್ತ ಸಿಗಡಿಯನ್ನು ಕಡ್ಡಿಯಲ್ಲಿ ಅಲುಗಾಡಿಸಿದರೆ ತಿನ್ನಲು ಕಲಿಯುತ್ತದೆ.
• ಗೋಲ್ಡ್‌ಫಿಶ್ ನಿತ್ಯದ ಊಟವಲ್ಲ, ನಿಧಾನ ವಿಷ.
• ಉಪವಾಸ ಕೆಡವಬೇಡಿ. ಮೊದಲು ನೀರು ಪರೀಕ್ಷಿಸಿ.
• ಮುಳ್ಳು ಚುಚ್ಚಿದರೆ ಬಿಸಿನೀರು, ನಂತರ ಆಸ್ಪತ್ರೆ.