ಕಟಕಟೆಯಲ್ಲಿ ನಿಲ್ಲಬೇಕಾದವರು ಯಾರು?

ದೀಪಾವಳಿ ಕಳೆದ ಮೇಲೆ ಒಮ್ಮೆ ವಿಜಯಪುರ ನಗರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾದ ಕಡೆಗೋ, ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರದ ಕಡೆಗೋ ಹೋಗಿ ನೋಡಿ. ಸುತ್ತಲಿನ ತಾಂಡಾಗಳಲ್ಲಿ ಬೀಗ ಜಡಿದ ಬಾಗಿಲುಗಳು ಕಾಣುತ್ತವೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋದ ಕುಟುಂಬಗಳ ಮನೆಗಳವು. ಮಕ್ಕಳೂ ಜೊತೆಯಲ್ಲೇ ಹೋಗಿರುತ್ತಾರೆ. ಏತ ನೀರಾವರಿಯಿಂದ ದ್ರಾಕ್ಷಿ ತೋಟಗಳು ಹಸಿರಾಗಿವೆ, ನಿಜ. ಆದರೆ ಹೊಲವೇ ಇಲ್ಲದವನಿಗೆ ಕಾಲುವೆಯ ನೀರು ಏನು ಮಾಡೀತು?

ಶಾಲೆಗೆ ಬಾರದ ಮಗುವಿನ ವಿಷಯದಲ್ಲಿ ಯಾರನ್ನು ವಿಚಾರಣೆಗೆ ಕರೆಯಬೇಕು? ಇದು ಹಳೆಯ ಪ್ರಶ್ನೆ. 1917ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿ, ಮಗುವನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ತಿಂಗಳಿಗೆ 1 ರೂಪಾಯಿ ದಂಡ ಗೊತ್ತುಮಾಡಿದರು. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗವು ಆಗ ಆ ಸಂಸ್ಥಾನಕ್ಕೇ ಸೇರಿತ್ತು. ಮರುವರ್ಷ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದ ಪುರಸಭೆಗಳಿಗೆ ಶಿಕ್ಷಣವನ್ನು ಕಡ್ಡಾಯ ಮಾಡುವ ಅಧಿಕಾರ ದೊರೆಯಿತು. 1923ರಲ್ಲಿ ಒಂದು, 1947ರಲ್ಲಿ ಇನ್ನೊಂದು ಕಾಯಿದೆ ಬಂದವು. 1956ರವರೆಗೆ ಮುಂಬಯಿಗೆ ಸೇರಿದ್ದ ನಮ್ಮ ಬಿಜಾಪುರ ಜಿಲ್ಲೆಯೂ ಇವುಗಳ ವ್ಯಾಪ್ತಿಯಲ್ಲಿತ್ತು. ಏಕೀಕರಣದ ನಂತರ ಮೈಸೂರು ರಾಜ್ಯ 1961ರಲ್ಲಿ ತನ್ನದೇ ಕಡ್ಡಾಯ ಶಿಕ್ಷಣದ ಕಾಯಿದೆ ಮಾಡಿತು. ಈ ಎಲ್ಲ ಕಾನೂನುಗಳ ಬೆರಳು ತೋರಿದ್ದು ತಂದೆತಾಯಿಯರತ್ತ.

ಬೆರಳು ತೋರಿತೇ ಹೊರತು ಕೈ ಹಿಡಿಯಲಿಲ್ಲ. ಅಮೆರಿಕದ ವಿದ್ವಾಂಸ ಮೈರನ್ ವೈನರ್ 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಾರತದ ಕಡ್ಡಾಯ ಶಿಕ್ಷಣದ ಕಾನೂನುಗಳು ಜಾರಿಗೇ ಬರಲಿಲ್ಲವೆಂದು ತೋರಿಸಿಕೊಟ್ಟರು. ದಿನಗೂಲಿಯವನಿಂದ ದಂಡ ವಸೂಲಿ ಮಾಡಲು ಯಾವ ಅಧಿಕಾರಿಗೆ ಮನಸ್ಸು ಬಂದೀತು ಎನ್ನಬಹುದು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ ಆ ಕನಿಕರ ಸರಕಾರಕ್ಕೂ ಅನುಕೂಲವಾಯಿತು. ತಂದೆಯನ್ನು ಕೇಳದಿದ್ದರೆ, ಶಾಲೆ ಎಲ್ಲಿ, ಗುರುಗಳೆಲ್ಲಿ ಎಂದು ತಂದೆಯೂ ತಿರುಗಿ ಕೇಳಲಾರನಷ್ಟೆ.

ದಂಡದ ದಾರಿಯನ್ನು ಕೊನೆಯವರೆಗೂ ನಡೆದು ನೋಡಿದವರು ಅಮೆರಿಕದ ಟೆಕ್ಸಾಸ್ ರಾಜ್ಯದವರು. ಅಲ್ಲಿನ ಡಲ್ಲಾಸ್ ಪ್ರಾಂತದಲ್ಲಿ ಗೈರುಹಾಜರಿಯ ಮೊಕದ್ದಮೆಗಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯಗಳಿದ್ದವು. ಅಲ್ಲಿ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತಿದ್ದುದು ಮಗುವೇ. 500 ಡಾಲರಿನವರೆಗೆ ದಂಡ, ಜೊತೆಗೆ ಅಪರಾಧಿಯೆಂಬ ದಾಖಲೆ. ಬಡವರ ಮಕ್ಕಳೇ ಹೆಚ್ಚಾಗಿ ಸಿಕ್ಕಿಬಿದ್ದರು. 2015ರಲ್ಲಿ ಆ ರಾಜ್ಯವೇ ಕಾನೂನನ್ನು ತಿದ್ದಿ, ಗೈರುಹಾಜರಿಯನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಿತು.

ನಮ್ಮಲ್ಲಿ ಕಟಕಟೆಯ ದಿಕ್ಕೇ ಬದಲಾಯಿತು. 2002ರ ಸಂವಿಧಾನ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದಿತು, ಅವರಿಗೆ ದಂಡವನ್ನು ಮಾತ್ರ ವಿಧಿಸಲಿಲ್ಲ. 2013ರಲ್ಲಿ ಶಾಲೆಯ ಹೊರಗುಳಿದ ಮಕ್ಕಳ ಕುರಿತ ಪತ್ರಿಕಾ ವರದಿಯೊಂದನ್ನು ಕಂಡ ಕರ್ನಾಟಕ ಉಚ್ಚ ನ್ಯಾಯಾಲಯವು, ಯಾರೂ ಅರ್ಜಿ ಹಾಕದಿದ್ದರೂ ತಾನಾಗಿಯೇ ಮೊಕದ್ದಮೆ ದಾಖಲಿಸಿಕೊಂಡಿತು. ಈ ಬಾರಿ ಉತ್ತರ ಹೇಳಬೇಕಾದದ್ದು ಸರಕಾರ. ಮುಂದೆ ನಮ್ಮ ರಾಜ್ಯದಲ್ಲಿ, ತಿಳಿಸದೆ ಸತತ 7 ದಿನಗಳಿಗಿಂತ ಹೆಚ್ಚು ಶಾಲೆಗೆ ಬಾರದ ಮಗುವನ್ನು ಹೊರಗುಳಿದ ಮಗುವೆಂದು ಗುರುತಿಸುವ ನಿಯಮ ಬಂದಿತು.

ಇನ್ನೊಂದು ಪೀಠವನ್ನೂ ನೀವು ತಿಳಿದಿರಬೇಕು. ಬಾಲನ್ಯಾಯ ಕಾಯಿದೆಯಂತೆ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಗೆ ಪ್ರಥಮ ದರ್ಜೆಯ ದಂಡಾಧಿಕಾರಿಯ ಅಧಿಕಾರವಿದೆ. ಆದರೆ ಅದರ ಮುಂದೆ ಬರುವ ಮಗು ಆರೋಪಿಯಲ್ಲ. ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು. ಈ ಒಂದು ಮಾತಿನ ವ್ಯತ್ಯಾಸಕ್ಕೆ ಒಂದು ಶತಮಾನ ಹಿಡಿಯಿತು.

ಅದಾದರೂ ನೋಟೀಸು ಅಂಟಿಸಬೇಕಾದ ಬಾಗಿಲಿಗೆ ಬೀಗ ಬಿದ್ದಿದೆ. ಎಂಟನೆಯ ದಿನ ಹಾಜರಿ ಪುಸ್ತಕದಲ್ಲಿ ಗುರುಗಳು ಹೆಸರನ್ನು ಗುರುತಿಸುವ ಹೊತ್ತಿಗೆ ಮಗು ಸಾಂಗ್ಲಿಯ ಗದ್ದೆಯಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತಿರುತ್ತದೆ. ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ನಿಲಯಗಳೆಂಬ ಏರ್ಪಾಡು ಉಂಟು. ಗಾಡಿ ಹೊರಡುವ ಮುನ್ನವೇ ಅದರ ಬಾಗಿಲು ತೆರೆದಿದ್ದರೆ ಮಗು ಊರಲ್ಲಿ ಉಳಿಯುತ್ತದೆ. ಒಂದು ತಿಂಗಳು ತಡವಾದರೆ ಹಾಸಿಗೆಗಳಷ್ಟೇ ಉಳಿಯುತ್ತವೆ. ಈ ವರ್ಷ ನಿಮ್ಮ ಊರಿನ ಹತ್ತಿರದ ನಿಲಯ ಯಾವ ದಿನ ತೆರೆಯಲಿದೆ ಎಂದು ದಸರೆಗೆ ಮೊದಲೇ ವಿಚಾರಿಸುತ್ತೀರಾ?